ಬುಷ್ಷಿಗೆ ಬಳೆ ತೊಡಿಸಿದ ಮಧ್ಯಾಹ್ನ

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ಬಟ್ಟಲು, ಬಟ್ಟಲಿನಲ್ಲಿ ಅರ್ಧದವರೆಗೆ ಶೇಂಗಾ ಎಣ್ಣೆ, ಎಣ್ಣೆಯ ತಳದಲ್ಲಿ ಹಾಯಾಗಿ ಮಲಗಿರುವ ಎರಡು ಕಪ್ಪು ರಬ್ಬರಿನ ಉಂಗುರಗಳು. ಇಷ್ಟನ್ನು ನೀವು ಮೊದಲು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗಿನ ಬಿಸಿಲು ಹಿತ್ತಲಿನ ಹೊಂಗೆಯ ಎಲೆಗಳಲ್ಲಿ ಸೋಸಿಕೊಂಡು ಬಂದು ಎಣ್ಣೆಯ ಮೇಲೆ ಕೂತಿತ್ತು, ಬಟ್ಟಲಿನೊಳಗೆ ಅಂಥ ಹೊನ್ನಿನ ಬಣ್ಣ ಇರುತ್ತದೆಂದು ಇಷ್ಟು ವರ್ಷ ಒಗ್ಗರಣೆ ಹಾಕಿದ ನನಗೇ ಗೊತ್ತಿರಲಿಲ್ಲ. ಚಹಾ ಕೇಳಲು ಒಳಗೆ ಬಂದ ನಮ್ಮ ಮನೆಯವರು ಬಗ್ಗಿ ನೋಡಿ, "ವಡೆ ಇಷ್ಟು ಸಣ್ಣವು ಮಾಡಿದ್ರೆ ಯಾರಿಗೆ ಸಾಲ್ತಾವೆ?" ಎಂದು ಕೇಳಿದರು. ಅವರ ಕಣ್ಣು ಈಚೆಗೆ ಮಂಜಾಗಿದೆ, ಅವರ ನಾಲಿಗೆ ಮಾತ್ರ ಹಾಗೇ ಇದೆ. ಅವು ವಡೆಯಲ್ಲ, ನಮ್ಮ ಕಾರಿನ ಗೇರಿನ ಬುಷ್ಷುಗಳು ಎಂದೆ. ಅವರು ಚಹಾ ಕೇಳದೆಯೇ ಹೊರಗೆ ಹೋದರು.

ಬುಷ್ ಎಂದರೇನೆಂದು ತಿಳಿಯದವರು ಸಂಕೋಚ ಪಡಬೇಕಾಗಿಲ್ಲ, ಮೊನ್ನೆಯವರೆಗೆ ನನಗೂ ತಿಳಿದಿರಲಿಲ್ಲ. ಗೇರು ಬದಲಿಸಲು ನಾವು ಹಿಡಿದೆಳೆಯುವ ಲಿವರ್ ಇದೆಯಲ್ಲ, ಅದರ ಬುಡದಲ್ಲಿ ಕಬ್ಬಿಣದ ಒಂದು ದುಂಡನೆಯ ಕಣ್ಣು ಇರುತ್ತದೆ. ಆ ಕಣ್ಣಿನ ಮೂಲಕ ಕಬ್ಬಿಣದ್ದೇ ಒಂದು ಪಿನ್ನು ಹಾದುಹೋಗುತ್ತದೆ. ಕಬ್ಬಿಣವೂ ಕಬ್ಬಿಣವೂ ನೇರವಾಗಿ ಮುಟ್ಟಿದರೆ ಹಗಲಿರುಳು ತಿಕ್ಕಾಟ, ಅದಕ್ಕಾಗಿ ನಡುವೆ ಆಚೆಯಿಂದೊಂದು ಈಚೆಯಿಂದೊಂದು ರಬ್ಬರಿನ ಉಂಗುರ ಕೂಡಿಸಿರುತ್ತಾರೆ. ಎರಡೂ ಕಡೆಯ ಒತ್ತಡವನ್ನು ತಾನೇ ನುಂಗಿಕೊಂಡು, ಇಬ್ಬರಿಗೂ ನೋವಾಗದಂತೆ ನೋಡಿಕೊಂಡು, ತಾನು ಮಾತ್ರ ದಿನದಿನಕ್ಕೆ ಸವೆಯುವ ಈ ಉಂಗುರವೇ ಬುಷ್. ಅದು ಇದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲವಾದಾಗಲೇ ಅದರ ಸುದ್ದಿ. ಎರಡು ಕುಟುಂಬಗಳ ನಡುವೆ ಸೊಸೆಯಾಗಿ, ಸ್ಟಾಫ್ ರೂಮಿಗೂ ಹೆಡ್‌ಮಾಸ್ತರರಿಗೂ ನಡುವೆ ಹಿರಿಯ ಶಿಕ್ಷಕಿಯಾಗಿ ಬದುಕಿದ ನನಗೆ ಈ ಉಂಗುರದ ಮೇಲೆ ಮೊದಲ ನೋಟಕ್ಕೇ ಮಮತೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಕಾರಿನ ಬುಷ್ಷು ಯಾವಾಗ ಸವೆಯತೊಡಗಿತೋ ದೇವರೇ ಬಲ್ಲ. ಸಡಿಲೆಂಬುದು ಬಾಗಿಲು ತಟ್ಟಿ ಬರುವ ಅತಿಥಿಯಲ್ಲ, ಮನೆಯೊಳಗೇ ಕೂತು ಬೆಳೆಯುವ ಕತ್ತಲೆ. ಮೊದಮೊದಲು ಲಿವರ್ ಕೊಂಚ ಅಲುಗಾಡುತ್ತಿತ್ತು, ಆಮೇಲೆ ಗುಂಡಿ ಬಂದಾಗಲೆಲ್ಲ ಲೊಡಲೊಡ ಎನ್ನತೊಡಗಿತು, ಕಡೆಕಡೆಗೆ ಯಾವ ಗೇರು ಎಲ್ಲಿದೆ ಎಂಬುದು ಅಂದಾಜಿನ ವಿಷಯವಾಯಿತು. ನಮ್ಮ ಮನೆಯವರು ಓಡಿಸುತ್ತಿದ್ದಾಗ ಅದನ್ನೊಂದು ದೋಷವೆಂದೇ ಅಂದುಕೊಂಡವರಲ್ಲ. ಎರಡನೇ ಗೇರಿಗೆ ಹಾಕುವಾಗ ಕೈಯನ್ನು ಎಡಕ್ಕೆ ಜಗ್ಗಿ, ಮರೆತ ಹೆಸರೊಂದನ್ನು ನೆನಪಿಸಿಕೊಳ್ಳುತ್ತಿರುವವರಂತೆ ಅರೆಕ್ಷಣ ತಡೆದು, ಆಮೇಲೆ ಮೆಲ್ಲನೆ ಕೆಳಗಿಳಿಸುತ್ತಿದ್ದರು. ಕಾರಿನ ಸಡಿಲಿಗೆ ತಕ್ಕಂತೆ ಕೈ ತನ್ನ ದಾರಿಯನ್ನು ಬಳಸಿಕೊಂಡು ಹೋಗುವುದನ್ನು ಕಲಿತಿತ್ತು. ಕಣ್ಣಿನ ಡಾಕ್ಟರು ಇನ್ನು ಓಡಿಸಬೇಡಿ ಎಂದ ಮೇಲೆ, ನಿವೃತ್ತಿಯ ಸುಖದಲ್ಲಿ ತೂಕಡಿಸುತ್ತಿದ್ದ ನಾನು ಸ್ಟೀರಿಂಗ್ ಹಿಡಿದೆ. ನನ್ನ ಕೈಗೆ ಆ ಬಳಸುದಾರಿ ಗೊತ್ತಿರಲಿಲ್ಲ. "ಅದಕ್ಕೊಂದು ಹದ ಐತೆ" ಎಂದು ಪಕ್ಕದಲ್ಲಿ ಕೂತು ಅವರು ಹೇಳುತ್ತಿದ್ದರು. ಹದ ಎಂದರೆ ಹಳೆಯ ದೋಷದ ಮುದ್ದಿನ ಹೆಸರು ಎಂದು ಅವರ ಮುಖಕ್ಕೇ ಹೇಳಿದ್ದೇನೆ.

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತು, ಅಕ್ಕನ ವಿಷಯ ನಡುವೆ ಬರದಿದ್ದರೆ.

ನನ್ನ ಅಕ್ಕ ಹರಿಹರದ ಪಕ್ಕದ ಗುತ್ತೂರಿನಲ್ಲಿದ್ದಾಳೆ. ಅಲ್ಲಿ ಮನೆಯ ಒಂದು ಕಡೆಯಿಂದ ನೋಡಿದರೆ ಭತ್ತದ ಗದ್ದೆ, ಇನ್ನೊಂದು ಕಡೆಯಿಂದ ಕಾರ್ಖಾನೆಯ ಗೋಡೆ. ಅವಳ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕು. ಹತ್ತಿರದಲ್ಲೆಲ್ಲೂ ಸರದಿ ಸಿಗದೆ ಕಡೆಗೆ ಸಿಕ್ಕಿದ್ದು ಇಲ್ಲಿ, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ನಮ್ಮ ಮನೆಯಿಂದ ಕೂಗಳತೆಯ ಆಸ್ಪತ್ರೆಯಲ್ಲಿ. ಭಾವ ಟ್ರ್ಯಾಕ್ಟರ್ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ಬರುವಾಗ ಬಸ್ಸು ಹೇಗೋ ನಡೆದೀತು, ಆದರೆ ಮೈಯೊಳಗಿನ ನೆತ್ತರೆಲ್ಲ ಒಮ್ಮೆ ಹೊರಗೆ ಹೋಗಿ ಬಂದ ಮೇಲೆ ನಿಂತುಕೊಂಡು ಊರು ಸೇರುವುದು ಯಾರಿಂದಾದೀತು? ಅದಕ್ಕೇ ನಾನು ಕಾರು ಹಿಡಿದದ್ದು. ಬೆಳಿಗ್ಗೆ ಗುತ್ತೂರಿಗೆ ಹೋಗಿ ಅವಳನ್ನು ಕರೆತರುವುದು, ಮಧ್ಯಾಹ್ನ ಮತ್ತೆ ಬಿಟ್ಟುಬರುವುದು. ಮದುವೆಯಾದ ಮೇಲೆ ನಾವಿಬ್ಬರು ಇಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇರಲಿಲ್ಲ. ನನಗಂತೂ ಆ ದಾರಿ ಪ್ರಿಯವಾಯಿತು, ಅವಳ ಕಾಯಿಲೆಯ ಪುಣ್ಯದಿಂದ ಅವಳು ಸಿಕ್ಕಳೆಂದು ಒಳಗೊಳಗೇ ಖುಷಿಪಟ್ಟು, ಖುಷಿಪಟ್ಟಿದ್ದಕ್ಕೆ ನಾಚಿಕೊಂಡದ್ದೂ ಉಂಟು.

ಒಂದು ಮಧ್ಯಾಹ್ನ ಅವಳನ್ನು ಬಿಡಲು ಹೋಗುವಾಗ ಹರಿಹರದ ಹತ್ತಿರ, ಹಳೇ ರಸ್ತೆಯ ನಟ್ಟನಡುವೆ, ಲಿವರ್ ನನ್ನ ಕೈಯಲ್ಲಿ ನಿತ್ರಾಣವಾಗಿ ಬಿತ್ತು. ಯಾವ ಕಡೆ ತಳ್ಳಿದರೂ ಹೋಗುತ್ತಿತ್ತು, ಯಾವ ಗೇರಿಗೂ ಕೂರುತ್ತಿರಲಿಲ್ಲ. ಹಿಂದೆ ಲಾರಿಯ ಹಾರನ್ನು, ಮುಂದೆ ಟ್ರ್ಯಾಕ್ಟರು, ನನಗೆ ಬೆವರು. ಕನ್ನಡಿಯಲ್ಲಿ ನೋಡುತ್ತೇನೆ, ಹಿಂದಿನ ಸೀಟಿನಲ್ಲಿ ಮಲಗಿದ್ದ ಅಕ್ಕ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ಇನ್ನೂ ತೆಗೆಯದ ಕೈಯಿಂದ ಅವಳು ಕಾರನ್ನು ತಳ್ಳುತ್ತಿದ್ದಳು. ದಾರಿಹೋಕರು ಯಾರೋ ಓಡಿಬಂದು ಅವಳನ್ನು ಸರಿಸಿ ಕಾರನ್ನು ಪಕ್ಕಕ್ಕೆ ಹಾಕಿದರು. ರಸ್ತೆಬದಿಯ ಗ್ಯಾರೇಜಿನವನು ಬಂದು ಬುಡಕ್ಕೆ ತಂತಿ ಸುತ್ತಿ, ನಿಧಾನ ಹೋಗ್ರಿ ಎಂದು ಕಳಿಸಿದ. ಗುತ್ತೂರಿನ ಮನೆ ಮುಟ್ಟಿದಾಗ ಅಕ್ಕ ಇಳಿಯುತ್ತಾ ನನ್ನ ಮುಖ ನೋಡದೆ ಹೇಳಿದಳು: "ಇನ್ನು ಸಾಕು ಬಿಡೇ ಗಿರಿಜಾ. ನನ್ನೊಬ್ಬಳ ಸಲುವಾಗಿ ನೀವೆಲ್ಲ ಯಾಕ ಒದ್ದಾಡ್ಬೇಕು? ನಾ ಇನ್ನು ಬರಲ್ಲ."

ಕಾರಿಗೆ ಬರುವುದಿಲ್ಲ ಎಂದಲ್ಲ ಅವಳು ಹೇಳಿದ್ದು. ಆಸ್ಪತ್ರೆಗೇ ಬರುವುದಿಲ್ಲ ಎಂದು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಮತ್ತೊಂದು ತಪ್ಪಿದರೆ ಉಸಿರು ಕಟ್ಟುತ್ತದೆ, ಆಮೇಲಿನದನ್ನು ಡಾಕ್ಟರು ಹೇಳಲಿಲ್ಲ, ನಾವು ಕೇಳಲಿಲ್ಲ. ಭಾವ ಬಾಡಿಗೆ ಕಾರು ತರುತ್ತೇನೆಂದರು, ಅವಳು ಒಪ್ಪಲಿಲ್ಲ. ನಾನು ಬೈದೆ, ಗೋಗರೆದೆ, ಫೋನಿನಲ್ಲಿ ಅತ್ತೂ ಬಿಟ್ಟೆ. ಅಕ್ಕ ಮಾತ್ರ ಒಂದೇ ಮಾತು ಹಿಡಿದಿದ್ದಳು, ಯಾರಿಗೂ ತ್ರಾಸು ಬ್ಯಾಡ.

ದಾವಣಗೆರೆಯ ನಮ್ಮ ಗ್ಯಾರೇಜಿನಲ್ಲಿ ಗಾಡಿಗಳ ಸಾಲು ಇತ್ತು. ವಾರ ಆಗ್ತೈತ್ರಿ ಅಂದರು. ವಾರವೆಂಬುದು ಆರೋಗ್ಯವಂತರ ಲೆಕ್ಕ. ನಾನು ಬಿಡಿಭಾಗದ ಅಂಗಡಿಗೆ ಹೋಗಿ ಬುಷ್ ಕೊಂಡುತಂದೆ. ಅಂಗಡಿಯವರು ಅದನ್ನು ಬೆರಳ ನಡುವೆ ಹಿಚುಕಿ ತೋರಿಸುತ್ತ, "ಟೈಟ್ ಐತ್ರೀ ಮೇಡಂ. ಟೈಟ್ ಇದ್ರೇನೆ ಬಾಳಿಕೆ" ಎಂದರು. ಮನೆಯ ಪೋರ್ಟಿಕೋದಲ್ಲಿ ಕಾರು ನಿಲ್ಲಿಸಿ, ಕೈಬ್ರೇಕು ಎಳೆದು, ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಸೀಟುಗಳ ನಡುವಿನ ಪ್ಲಾಸ್ಟಿಕ್ ಪೆಟ್ಟಿಗೆಯ ತಿರುಪು ಬಿಚ್ಚಿ, ಲಿವರಿನ ಕಾಲ ಸುತ್ತಲಿನ ರಬ್ಬರಿನ ಲಂಗವನ್ನು ಮೇಲಕ್ಕೆತ್ತಿ, ತಂತಿ ಬಿಚ್ಚಿ, ಪಿನ್ನು ಎಳೆದು ನೋಡಿದರೆ ಹಳೆಯ ಬುಷ್ ಪುಡಿಪುಡಿಯಾಗಿ ಮೆಣಸಿನಕಾಳಿನಂತೆ ಉದುರಿತು. ಅದನ್ನು ಗೋರಿ ತೆಗೆದೆ. ಹೊಸದು ಮಾತ್ರ ಒಳಗೆ ಹೋಗಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ, ಸೌಟಿನ ಹಿಡಿಯಿಂದ ಒತ್ತಿದೆ, ಸುತ್ತಿಗೆಯಿಂದ ಮೆಲ್ಲನೆ, ಆಮೇಲೆ ಮೆಲ್ಲನೆಯಲ್ಲದೆ ತಟ್ಟಿದೆ. ಪ್ರತಿ ಸಲವೂ ಅದು ಪುಟಿದು ಸೀಟಿನಡಿಗೆ ಉರುಳಿ, ನಾನು ಮೊಣಕಾಲೂರಿ ಹುಡುಕುವಂತೆ ಮಾಡಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಘರ್ಷಣೆಯ ಪಾಠ ಮಾಡಿದವಳು. ಎಣ್ಣೆ ಸವರಿದರೆ ಜಾರುತ್ತದೆ ಎಂಬುದು ನನಗೆ ಬರದ ವಿದ್ಯೆಯೇ? ಅದಕ್ಕಿಂತ ಹೆಚ್ಚಾಗಿ, ನಮ್ಮ ಕಡೆಯ ಮನೆಗಳಲ್ಲಿ ಹೊಸ ಚರ್ಮದ ಚಪ್ಪಲಿ ಕಾಲು ಕಚ್ಚಿದರೆ ಅದಕ್ಕೆ ಎಣ್ಣೆ ಕುಡಿಸಿ ಮಲಗಿಸುವ ರೂಢಿ. ಬೆಳಗಾಗುವಷ್ಟರಲ್ಲಿ ಎಂಥ ಬಿರುಸಿನ ಚಪ್ಪಲಿಯೂ ಸಾಧುವಾಗಿರುತ್ತದೆ. ಹಾಗೆ ಬುಷ್ಷಿಗೂ ಕುಡಿಸಿದೆ. ಬಟ್ಟಲು ಕಿಟಕಿಗೆ ಬಂದದ್ದು ಹೀಗೆ.

ಚಪ್ಪಲಿ ಚರ್ಮ, ಬುಷ್ ರಬ್ಬರು. ಚರ್ಮ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಈ ರಬ್ಬರು ಎಣ್ಣೆ ಕುಡಿದು ದಪ್ಪಗಾಯಿತು. ಅಕ್ಕನ ಸರದಿಯ ದಿನ ಬಂದಾಗ ನಾನು ಬಟ್ಟಲಿನಿಂದ ತೆಗೆದದ್ದು ಹಬ್ಬದ ಊಟ ಮುಗಿಸಿದ ಎರಡು ಡೊಳ್ಳುಹೊಟ್ಟೆಗಳನ್ನು. ಬುಷ್ ಕೂರಬೇಕಾದ ಆ ಕಬ್ಬಿಣದ ಗೂಡಿನ ಬಾಯಲ್ಲೂ ಅವು ಹಿಡಿಯುತ್ತಿರಲಿಲ್ಲ. "ಎಣ್ಣೆ ಯಾಕ ಹಾಕಿದೆ? ದಾವಣಗೆರೆಯವಳಾಗಿ ಬೆಣ್ಣೆನಾದ್ರೂ ಹಚ್ಚಬಾರದಾ?" ಎಂದು ಮನೆಯವರು ನಕ್ಕರು. ನಾನು ನಗಲಿಲ್ಲ. ಅವರೂ ಕೂಡಲೇ ನಿಲ್ಲಿಸಿ, "ನಾನು ಇನ್ನೊಂದು ಜೊತೆ ತರ್ತೀನಿ, ಕೂತ್ಕೋ" ಎಂದು ಆಟೋ ಹಿಡಿದು ಹೋದರು. ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಕ್ಕನ ಹಾಸಿಗೆ ಖಾಲಿ ಇತ್ತು. ಭಾವ ಫೋನಿನಲ್ಲಿ, ಮುಖ ಸ್ವಲ್ಪ ಬಾತೈತೆ, ಮಾತು ಕೇಳ್ತಿಲ್ಲ ಎಂದರು. ನನಗೆ ಭಯವಾಯಿತು. ಸಾವಿನ ಬಗ್ಗೆ ತತ್ವ ಹೇಳುವವರನ್ನು ಬಹಳ ಓದಿದ್ದೇನೆ, ಭಯ ಬಂದಾಗ ಒಬ್ಬರ ಮಾತೂ ನೆನಪಾಗಲಿಲ್ಲ.

ಮಧ್ಯಾಹ್ನ ಹೊಸ ಜೋಡಿಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನೊಳಗೆ ಕೂತೆ. ಎರಡೂ ಬಾಗಿಲು ತೆರೆದಿದ್ದವು. ನಮ್ಮ ಬಡಾವಣೆಗೆ ಊಟವಾದ ಮೇಲೆ ಒಂದು ಮೌನ ಬರುತ್ತದೆ, ಆಟೋಗಳು ಕೂಡ ದೂರದ ಬೀದಿಯಲ್ಲಿ ಯಾರದೋ ಕನಸಿನೊಳಗೆ ಓಡುತ್ತಿವೆಯೇನೋ ಎನಿಸುವ ಮೌನ. ಹೊಂಗೆಯ ನೆರಳು ಡ್ಯಾಶ್‌ಬೋರ್ಡಿನ ಮೇಲೆ ಹರಿದಾಡುತ್ತಿತ್ತು. ಬುಷ್ಷನ್ನು ಬೆರಳಿಗೆ ಹಾಕಿ ತಿರುಗಿಸುತ್ತ, ತಿರುಗಿಸುತ್ತ, ನಾನು ಎಚ್ಚರದಲ್ಲಿದ್ದೆನೋ ಇಲ್ಲವೋ ಹೇಳಲಾರೆ, ಹರಿಹರದ ದೇವಸ್ಥಾನದ ಬೀದಿಗೆ ಹೋಗಿಬಿಟ್ಟಿದ್ದೆ.

ನಮ್ಮ ತವರು ಹರಿಹರ. ಗೌರಿ ಹಬ್ಬಕ್ಕೆ ಮುಂಚೆ ಅಮ್ಮ ನಮ್ಮಿಬ್ಬರನ್ನು ಬಳೆ ಅಂಗಡಿಗೆ ಕಳಿಸುತ್ತಿದ್ದಳು. ನನ್ನದು ಮೂಳೆ ಗಟ್ಟಿಯಾದ ಕೈ, ಆಸೆ ಮಾತ್ರ ಕೈಗಂಟಿ ಕೂರುವ ಬಿಗಿ ಬಳೆಯ ಮೇಲೆ. ಸಡಿಲ ಬಳೆ ಆಡುವಾಗ ಒಡೆಯುತ್ತದೆಂದು ನನ್ನ ವಾದ. ಬಳೆ ಬೆರಳ ಗೆಣ್ಣಿನ ಹತ್ತಿರ ಸಿಕ್ಕಿಕೊಂಡ ಕೂಡಲೇ ನಾನು ಹೆದರಿ ಮುಷ್ಟಿ ಬಿಗಿ ಮಾಡುತ್ತಿದ್ದೆ. ಆಗ ಅಕ್ಕ ನನ್ನ ಮೊಣಕೈ ಹಿಡಿದುಕೊಂಡು ಕಿವಿಯಲ್ಲಿ, "ಕೈ ಸಡ್ಲ ಬಿಡು. ನಿನ್ನ ಕೈ ಅಲ್ಲ ಅಂದ್ಕೋ" ಎನ್ನುತ್ತಿದ್ದಳು. ಬಳೆಗಾರ್ತಿ ಸೋಪಿನ ನೊರೆ ಹಚ್ಚಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕೈಯನ್ನು ಹಿಟ್ಟಿನಂತೆ ನಾದಿ ನಾದಿ ಕಿರಿದು ಮಾಡುತ್ತಿದ್ದಳು. ಅಕ್ಕನ ಮಾತಿಗೆ ನಾನು ಮೈಮರೆತ ಯಾವುದೋ ಒಂದು ಗಳಿಗೆಯಲ್ಲಿ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಬಂದು ಝಣ್ ಎನ್ನುತ್ತಿತ್ತು. ನೋವು ಗೊತ್ತೇ ಆಗುತ್ತಿರಲಿಲ್ಲ.

ಆ ಅಕ್ಕನ ಎಡಗೈಯಲ್ಲಿ ಈಗ ಬಳೆಯಿಲ್ಲ. ಡಯಾಲಿಸಿಸ್‌ಗೆಂದು ನರ ಜೋಡಿಸಿದ ಕೈಗೆ ಬಿಗಿಯಾದದ್ದೇನೂ ಹಾಕಬಾರದಂತೆ, ವಾಚೂ ಇಲ್ಲ, ಬಳೆಯೂ ಇಲ್ಲ. ಒಂದು ಕೈ ತುಂಬಿ ಒಂದು ಕೈ ಬರಿದಾದ ಮುತ್ತೈದೆ ಎಲ್ಲಿ ಹೋದರೂ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಅದನ್ನು ನೆನೆದು ಬೆರಳಲ್ಲಿದ್ದ ಬುಷ್ಷನ್ನು ನೋಡಿದೆ. ಆಗಲೇ ಬುದ್ಧಿ ತೆರೆಯಿತು.

ಇಷ್ಟು ಹೊತ್ತು ನಾನು ಬುಷ್ಷನ್ನು ಬಳೆಯೆಂದುಕೊಂಡಿದ್ದೆ, ದುಂಡಗಿದೆಯಲ್ಲ ಎಂದು. ಬಳೆ ಅದಲ್ಲ. ಬಗ್ಗದೆ ಕೂತಿರುವ ಕಬ್ಬಿಣದ ಗೂಡೇ ಬಳೆ, ಬುಷ್ ಎಂಬುದು ಕೈ. ಯಾವ ಬಳೆಗಾರ್ತಿಯಾದರೂ ಕೈಯನ್ನು ಸುತ್ತಿಗೆಯಿಂದ ಹೊಡೆದು ಬಳೆಯೊಳಗೆ ತೂರಿಸಿದ್ದುಂಟೇ? ಹೊಡೆದಷ್ಟೂ ನಾನು ಅದರ ಮುಷ್ಟಿಯನ್ನು ಬಿಗಿ ಮಾಡಿದ್ದೆ, ಅಷ್ಟೆ.

ಎದ್ದು ಹೋಗಿ ನೀರು ಕಾಯಿಸಿದೆ. ಬುಷ್ಷನ್ನು ಬಿಸಿನೀರಲ್ಲಿ ಕೊಂಚ ಹೊತ್ತು ಬಿಟ್ಟು, ಅದು ಬೆಚ್ಚಗೆ ಬಳುಕುವಂತಾದ ಮೇಲೆ ಸೋಪಿನ ನೊರೆ ಹಚ್ಚಿ, ಗೂಡಿನ ಒಳಗೂ ಹಚ್ಚಿ, ಹೆಬ್ಬೆರಳು ಮಡಿಸುವಂತೆ ಅದರ ಒಂದು ಅಂಚನ್ನು ಒಳಕ್ಕೆ ಮಡಿಸಿ, ಓರೆಯಾಗಿ ಬಾಯಿಗಿಟ್ಟು, ತಳ್ಳದೆ, ನಾದುತ್ತ ಕೂತೆ. ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಮನೆಯವರು ಆಚೆ ಬಾಗಿಲ ಬಳಿ ಟಾರ್ಚು ಹಿಡಿದು ನಿಂತಿದ್ದರು, ಆದರೆ ಅವರ ಮಂಜುಗಣ್ಣಿಗೆ ಬೆಳಕು ಬೀಳಬೇಕಾದ ಕಡೆ ಬಿಟ್ಟು ಉಳಿದೆಲ್ಲ ಕಡೆ ಬೀಳುತ್ತಿತ್ತು. ನನಗೆ ಬೆಳಕು ಬೇಕಿರಲಿಲ್ಲ. ಬಾಯಲ್ಲಿ ನಾನೇ "ಸಡ್ಲ ಬಿಡು, ಸಡ್ಲ ಬಿಡು" ಎನ್ನುತ್ತಿದ್ದೆನಂತೆ, ಆಮೇಲೆ ಅವರು ಹೇಳಿದರು. ಯಾವಾಗ ಹೋಯಿತೋ ತಿಳಿಯಲಿಲ್ಲ. ಬೆರಳಿನಡಿ ಒಂದು ಮೆತ್ತನೆಯ 'ಪುಳಕ್' ಎಂಬ ಸದ್ದಾಗಿ ಬುಷ್ ತನ್ನ ಮನೆಯಲ್ಲಿ ತಾನೇ ಮೈಮುರಿದು ಕೂತಿತು. ಎರಡನೆಯದು ಅಷ್ಟೂ ಸತಾಯಿಸಲಿಲ್ಲ. ಪಿನ್ನು ಹಾಯಿಸಿ, ನಟ್ಟು ಬಿಗಿದು, ಸೋಪು ಒಣಗುವವರೆಗೆ ಕಾದು, ಲಿವರ್ ಹಿಡಿದು ನೋಡಿದೆ. ಒಂದು, ಎರಡು, ಮೂರು. ಪ್ರತಿ ಗೇರೂ ಇರಬೇಕಾದ ಜಾಗದಲ್ಲೇ ಇತ್ತು. ಅದು ಎಂದಾದರೂ ಬೇರೆಡೆಗೆ ಹೋಗಿದ್ದಿತೆ? ಮನೆಯವರು ಒಮ್ಮೆ ಹಿಡಿದು ನೋಡಿ, ಅಭ್ಯಾಸಬಲದಿಂದ ಎಡಕ್ಕೆ ಜಗ್ಗಿ, ಅದು ಜಗ್ಗದಿದ್ದಾಗ ಪರರ ಮನೆಗೆ ಬಂದವರಂತೆ ಕೈ ಹಿಂದೆಗೆದರು.

ಬಿಗಿ ಎಂದರೆ ಹಟ ಎಂದು ತಿಳಿದಿದ್ದೆ, ಗೆಳೆಯರೇ. ಸಂಜೆಯವರೆಗೂ ಕಾರಿನಲ್ಲೇ ಕೂತು ಅದನ್ನೇ ಯೋಚಿಸಿದೆ. ಬಿಗಿಯಾಗಿ ಕೂರಬೇಕಾದದ್ದು ಒಮ್ಮೆ ಮೆತ್ತಗಾಗಲೇಬೇಕು. ಮೆತ್ತಗಾಗುವ ಆ ಗಳಿಗೆಯಲ್ಲಿ ಯಾರೋ ಒಬ್ಬರು ಮೊಣಕೈ ಹಿಡಿದುಕೊಂಡಿರಬೇಕು. ನಾನು ಅಕ್ಕನಿಗೆ ಬೈದದ್ದು, ಗೋಗರೆದದ್ದು ಎಲ್ಲ ಸುತ್ತಿಗೆಯ ಕೆಲಸ. ಅವಳು ಮುಷ್ಟಿ ಬಿಗಿ ಮಾಡಿದ್ದರಲ್ಲಿ ತಪ್ಪೇನಿದೆ?

ಮರುದಿನ ಬೆಳಿಗ್ಗೆ ಆಸ್ಪತ್ರೆಯವರನ್ನು ಕಾಡಿ ಬೇಡಿ ಒಂದು ಸರದಿ ಹಿಡಿದು ಗುತ್ತೂರಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು, ಪಾದಗಳು ಊದಿ ಹೊಳೆಯುತ್ತಿದ್ದವು. ನಾನು ಆಸ್ಪತ್ರೆಯ ಮಾತೆತ್ತಲಿಲ್ಲ. ಪಕ್ಕದಲ್ಲಿ ಕೂತು, ಬುಷ್ಷಿಗೆ ಎಣ್ಣೆ ಕುಡಿಸಿದ ಕತೆ ಹೇಳಿದೆ.

"ರಬ್ಬರಿಗೆ ಯಾರಾದ್ರೂ ಎಣ್ಣೆ ಹಾಕ್ತಾರೇನೇ?" ಎಂದು ಅಕ್ಕ ನಕ್ಕಳು. ನಗುವಾಗ ಉಸಿರು ಸಾಲದೆ ಎದೆ ಹಿಡಿದುಕೊಂಡಳು. "ಸೈನ್ಸ್ ಟೀಚರಂತೆ ನೀನು."

"ನೀನು ಇರಲಿಲ್ಲ ಹೇಳೋಕೆ."

ನಾನು ಅವಳ ಬರಿಗೈಯ ಮೊಣಕೈಯನ್ನು ಮೆಲ್ಲನೆ ಹಿಡಿದುಕೊಂಡೆ. ಅದರೊಳಗೆ ಆ ಜೋಡಿಸಿದ ನರ ಗುಂಯ್ ಎಂದು ಮಿಡಿಯುತ್ತಿತ್ತು, ದೂರದಲ್ಲೆಲ್ಲೋ ಹೊಳೆ ಹರಿಯುವ ಸದ್ದು ಅಂಗೈಗೆ ಕೇಳಿಸಿದ ಹಾಗೆ.

"ನಿನಗೆ ಸಾಕಾಗಿರಬಹುದಕ್ಕ," ಎಂದೆ. "ನನಗಿನ್ನೂ ಸಾಕಾಗಿಲ್ಲ."

ಅವಳು ಗೋಡೆಗೆ ಕೈಯೂರಿ ಎದ್ದು, ಚಪ್ಪಲಿ ಊದಿದ ಪಾದಕ್ಕೆ ಹಿಡಿಸದೆ, ಬರಿಗಾಲಲ್ಲೇ ಬಂದು ಕಾರು ಹತ್ತಿದಳು. ಭಾವ ಬಾಗಿಲು ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡೇ ಸ್ವಲ್ಪ ದೂರ ನಡೆದುಬಂದರು.

ಆಸ್ಪತ್ರೆ ಮುಗಿಸಿ ಹಿಂದಿರುಗುವಾಗ ಅವಳು ಹಿಂದಿನ ಸೀಟು ಬೇಡವೆಂದು ಮುಂದೆ, ನನ್ನ ಪಕ್ಕ ಕೂತಳು. ಇಳಿಬಿಸಿಲು ಗದ್ದೆಗಳ ಮೇಲೆ ಮಲಗಿತ್ತು, ಕಾರಿನೊಳಗೆ ಯಾವ ಸದ್ದೂ ಇರಲಿಲ್ಲ, ಗೇರುಗಳು ಒಂದಾದ ಮೇಲೊಂದು ತಮ್ಮ ಪಾಡಿಗೆ ಬಂದು ಹೋಗುತ್ತಿದ್ದವು. ಅವಳು ನಿದ್ದೆ ಹೋಗಿದ್ದಾಳೆಂದುಕೊಂಡೆ. ಹರಿಹರ ಕಾಣಿಸತೊಡಗಿದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ನಾಡಿದ್ದು ಎಷ್ಟೊತ್ತಿಗೆ ಬರ್ತೀ?"

ಯಾವಾಗಿನಂತೆ ಎಂದೆ.

"ಸ್ವಲ್ಪ ಲಗೂನ ಬಾ," ಎಂದಳು ಅಕ್ಕ. "ರೊಟ್ಟಿ ಬಡಿದಿರ್ತೀನಿ, ತಿಂದು ಹೋಗೋಣ."